ಹಾರನ್ ಹೊಡೆಯದ ದೊಡ್ಡೀರಪ್ಪ

ದೊಡ್ಡೀರಪ್ಪನನ್ನು ನಾನು ಮೊದಲ ಸಲ ಕಂಡ ದಿನ ಅವನು ನನ್ನ ಬೆನ್ನ ಹಿಂದೆ ಇದ್ದ. ಮೊಳಕಾಲ್ಮುರಿನ ನಮ್ಮ ಮಗ್ಗದ ಓಣಿಯಲ್ಲಿ, ರೇಷ್ಮೆ ಸುತ್ತಿದ ಕಂಡಿಕೆಗಳ ಬುಟ್ಟಿಯನ್ನು ಸೊಂಟಕ್ಕಿಟ್ಟುಕೊಂಡು ನಾನು ನಡುದಾರಿಯಲ್ಲೇ ಹೋಗುತ್ತಿದ್ದೆ. ಹಿಮ್ಮಡಿಗೆ ಬಿಸಿ ಉಸಿರು ತಾಗಿತು. ಯಾರದೋ ಎಮ್ಮೆ ಎಂದುಕೊಂಡು ತಿರುಗಿ ನೋಡದೆ "ಹೇಯ್, ಹೋಗತ್ಲಾಗೆ" ಅಂದೆ.

"ಎಲ್ಲಿಗೆ ಹೋಗ್ಲಿ ಅವ್ವಾ, ನೀವೇ ದಾರೀಲಿದೀರಿ" ಅಂದಿತು ಎಮ್ಮೆ.

ತಿರುಗಿದರೆ ಬಿಳಿ ಕಾರು. ಸ್ಟೇರಿಂಗಿನ ಮೇಲೆ ಒಂದು ಹಣೆ, ಎರಡು ಕಣ್ಣು, ಅಷ್ಟೇ ಕಾಣುತ್ತಿತ್ತು. ಹೆಸರು ದೊಡ್ಡೀರಪ್ಪ, ಆಳು ಕುಳ್ಳ. ಓಣಿಯ ಬಾಯಿಂದ ಅಲ್ಲಿಯವರೆಗೂ ನನ್ನ ಹೆಜ್ಜೆಗೆ ಸರಿಯಾಗಿ ಕಾರು ಉರುಳಿಸಿಕೊಂಡು ಬಂದಿದ್ದನಂತೆ.

"ಹಾರನ್ ಕೆಟ್ಟೈತೇನಪ್ಪ?" ಅಂದೆ.

"ಕೆಟ್ಟಿಲ್ಲ. ಮನುಷ್ಯರಿಗೆ ನಾನು ಹೊಡೆಯಲ್ಲ. ಯಾವಾಗಾದ್ರೂ ತಿರುಗಿ ನೋಡೇ ನೋಡ್ತಾರೆ."

ಆಮೇಲೆ ಬುಟ್ಟಿಯ ಸಮೇತ ನನ್ನನ್ನು ಕಾರಿನಲ್ಲಿ ಕೂರಿಸಿಕೊಂಡು ಮನೆ ಮುಟ್ಟಿಸಿದ. ಮನೆ ಅಲ್ಲಿಂದ ನಾಲ್ಕು ಬಾಗಿಲು ಆಚೆ ಇತ್ತು. ಬೇಡ ಅಂದರೆ ಬೇಜಾರು ಮಾಡಿಕೊಳ್ಳುವ ಮುಖ, ಅದಕ್ಕೇ ಹತ್ತಿದೆ.

ಹುಡುಗನಾಗಿದ್ದಾಗ ಅವನು ಶೇಂಗಾ ಲಾರಿಯಲ್ಲಿ ಕ್ಲೀನರಾಗಿದ್ದ. ಆ ಲಾರಿಯ ಡ್ರೈವರು ಊರು ಬಂದರೂ ಹಾರನ್ ಹೊಡೆಯುತ್ತಿದ್ದ, ಊರು ಹೋದರೂ ಹೊಡೆಯುತ್ತಿದ್ದ. ದೊಡ್ಡೀರಪ್ಪನ ಎಡಗಿವಿ ಈಗಲೂ ಅರ್ಧವೇ ಕೇಳುತ್ತದೆ. ತನ್ನದೇ ಕಾರು ಬಂದ ದಿನ, ಯಾವ ಮನುಷ್ಯನಿಗೂ ದನಕ್ಕೂ ಹಾರನ್ ಹೊಡೆಯುವುದಿಲ್ಲ ಎಂದು ಒಂದು ನೇಮ ಹಾಕಿಕೊಂಡ. ಕುರಿಮಂದೆ ಅಡ್ಡ ಬಂದರೆ ಕೊನೆಯ ಮರಿ ದಾಟುವವರೆಗೂ ಕಾಯುವನು. ಗಾಡಿಯವರು ಜಾಗ ಬಿಡದಿದ್ದರೆ ತಲೆ ಹೊರಗೆ ಹಾಕಿ "ಓ ಅಣ್ಣಾ, ಒಂಚೂರು" ಅನ್ನುವನು. ಆ ದನಿ ಕಾರಿನ ಮೂತಿಯನ್ನೂ ದಾಟುತ್ತಿರಲಿಲ್ಲ. ದೊಡ್ಡೀರಪ್ಪನ ಕಾರಿನಲ್ಲಿ ಚಳ್ಳಕೆರೆಗೆ ಹೋಗುವವರು ಬುತ್ತಿ ಕಟ್ಟಿಕೊಂಡು ಹೊರಡಬೇಕು ಎಂದು ನಮ್ಮ ಓಣಿಯವರು ಆಡಿಕೊಳ್ಳುತ್ತಿದ್ದರು. ಆದರೂ ಬಸುರಿಯರು, ಬಾಣಂತಿಯರು, ನನ್ನಂಥ ಮುದುಕಿಯರು ಅವನನ್ನೇ ಕರೆಯುತ್ತಿದ್ದೆವು. ಆ ಕಾರಿನಲ್ಲಿ ಹೊಟ್ಟೆಯ ನೀರು ಅಲುಗುತ್ತಿರಲಿಲ್ಲ.

ದೇವರ ಲೆಕ್ಕ ಬೇರೆ. ಹಾನಗಲ್ ಕ್ರಾಸಿನಾಚೆ ಹುಣಸೆಮರದ ಮಾರಮ್ಮನ ಕಟ್ಟೆ, ತಳಕು ದಾಟಿದ ಮೇಲೆ ಆಂಜನೇಯನ ಗುಡಿ, ಚಳ್ಳಕೆರೆಗೆ ಮುಂಚೆ ಒಂದು ದರ್ಗಾ. ಈ ಮೂರು ಕಡೆ ಅವನ ಬಲಗೈ ಎದೆಗೆ ಹೋಗುವುದು, ಎಡಗೈ ಹಾರನ್ನನ್ನು ಉದ್ದಕ್ಕೆ ಒತ್ತುವುದು. ಅಷ್ಟು ಹೊತ್ತು ಸ್ಟೇರಿಂಗನ್ನು ಆ ದೇವರೇ ಹಿಡಿದುಕೊಳ್ಳಬೇಕು.

ಹೋದ ವರ್ಷ ಆ ಕಾರಿಗೆ ಒಂದು ಕಾಯಿಲೆ ಅಂಟಿಕೊಂಡಿತು. ಇಂಜಿನ್ನಿನ ಬಿಸಿ ತೋರಿಸುವ ಮುಳ್ಳು ಇದ್ದಕ್ಕಿದ್ದಂತೆ ಮೇಲಕ್ಕೆ ಹಾರುವುದು, ಅದರ ಪಕ್ಕದ ಕೆಂಪು ದೀಪ ಹತ್ತುವುದು. ಕೆಂಪು ಹತ್ತಿದರೆ ಗಾಡಿ ನಿಲ್ಲಿಸಲೇಬೇಕು, ಇಲ್ಲದಿದ್ದರೆ ಇಂಜಿನ್ ಸುಟ್ಟುಹೋಗುತ್ತದೆ ಎಂದು ಅವನಿಗೆ ಕಲಿಸಿದ್ದರು. ನಿಲ್ಲಿಸಿ, ಬಾನೆಟ್ಟು ಎತ್ತಿ, ಕ್ಯಾನು ಹಿಡಿದುಕೊಂಡು ಹೋದರೆ ಒಳಗೆ ನೀರು ತುಂಬಿಯೇ ಇರುತ್ತಿತ್ತು. ಆದರೂ ಇಂಜಿನ್ ತಣ್ಣಗಾಗಲಿ ಎಂದು ಕಾಯುವನು. ಹೀಗೆ ಕಾದು ಕಾದು ಒಂದು ಮದುವೆಯ ದಿಬ್ಬಣಕ್ಕೆ ಮುಹೂರ್ತ ತಪ್ಪಿಸಿದ. ಅದರ ಮೇಲೆ ಜನ ಕರೆಯುವುದನ್ನು ನಿಲ್ಲಿಸಿದರು.

ಕೆಂಪು ಹತ್ತುತ್ತಿದ್ದದ್ದು ಮಾರಮ್ಮನ ಕಟ್ಟೆಯ ಮುಂದೆ. ಅಮ್ಮನಿಗೆ ಏನೋ ಸಿಟ್ಟು ಬಂದಿದೆ ಎಂದು ನಿಂಬೆಹಣ್ಣು ಕಟ್ಟಿದ, ಕಾಯಿ ಒಡೆದ. ಕಾಯಿ ಚೆನ್ನಾಗಿ ಹೋಳಾಯಿತು. ಆ ಸಂತೋಷಕ್ಕೆ ಹೊರಡುವಾಗ ಇನ್ನೊಂದು ಸಲ ಹಾರನ್ ಹೊಡೆದ. ದೀಪ ಇನ್ನೊಂದು ಸಲ ಹತ್ತಿತು. ಆಮೇಲೆ ನೋಡಿದರೆ ಆಂಜನೇಯನ ಮುಂದೆಯೂ ಅದೇ ಕತೆ, ದರ್ಗಾದ ಮುಂದೆಯೂ ಅದೇ ಕತೆ.

"ಮೂರೂ ಜನ ಮಾತಾಡ್ಕೊಂಡವ್ರೆ ಕಣವ್ವಾ" ಅಂದ ನನ್ನ ಹತ್ತಿರ.

"ಅವರಿಗೆ ಬೇರೆ ಕೆಲ್ಸ ಇಲ್ವೇನೋ" ಅಂದೆ.

ಚಳ್ಳಕೆರೆಯಲ್ಲಿ ಕಾರಿನ ವೈರಿಂಗ್ ಕೆಲಸ ಮಾಡುವ ಮಲ್ಲಿಕ್ ಅವನ ಹಳೆಯ ಸ್ನೇಹಿತ. ಅವನೂ ಬಿಸಿಯ ಸೆನ್ಸರ್ ಹೊಸದು ಹಾಕಿದ, ನೀರಿನ ಪಂಪು ಬದಲಾಯಿಸಿದ. ಕಾರು ಮಲ್ಲಿಕನ ಅಂಗಡಿಯ ಮುಂದೆ ನಿಂತಿತೆಂದರೆ ಹೊಸ ಸೊಸೆಯ ಹಾಗೆ ಮುಳ್ಳು ತಲೆ ಬಗ್ಗಿಸಿಕೊಂಡೇ ಇರುತ್ತಿತ್ತು.

ಕೊನೆಗೆ ತಮ್ಮ ಚಿಕ್ಕೀರಪ್ಪ ನಡುವೆ ಬಂದ. ಅವನದು ಚಳ್ಳಕೆರೆ ಮಾರುಕಟ್ಟೆಯಲ್ಲಿ ಶೇಂಗಾ ಮಂಡಿ. ಹೆಸರು ಚಿಕ್ಕೀರಪ್ಪ, ಆಳು ಬಾಗಿಲು ತುಂಬ. ಕಾರಿಗೆ ಒಬ್ಬ ಗಿರಾಕಿಯನ್ನು ಅವನೇ ಹುಡುಕಿದ. ಕಾರು ಹೋದ ಮೇಲೆ ಅಣ್ಣ ಮಂಡಿಯಲ್ಲಿ ತಕ್ಕಡಿ ಪಕ್ಕ ಕೂತು ಮೂಟೆ ತೂಗಿಸಬೇಕು. ಚೀಲದ ಮೇಲೆ ದಿಂಬು ಕೂಡ ಹಾಕಿಟ್ಟಿದ್ದ. ಮಂಡಿ ಅಂದರೆ ಬೆಳಗಿನಿಂದ ಸಂಜೆವರೆಗೆ ಕೂಗಾಟ. ಜೀವಮಾನವೆಲ್ಲ ಸದ್ದಿಗೆ ಹೆದರಿ ಬದುಕಿದವನು ಇನ್ನು ಆ ಸದ್ದಿನ ಮಧ್ಯೆ ದಿಂಬು ಹಾಕಿಕೊಂಡು ಕೂರಬೇಕು. ದೊಡ್ಡೀರಪ್ಪ ಆಗಲ್ಲ ಅನ್ನಲಿಲ್ಲ. ಆಗಲ್ಲ ಅನ್ನುವುದಕ್ಕೂ ಒಂದು ದನಿ ಬೇಕಲ್ಲ.

ಕಾರು ಒಪ್ಪಿಸುವ ದಿನವೇ ನಾನು ಕಣ್ಣು ತೋರಿಸಲು ಚಳ್ಳಕೆರೆಗೆ ಹೋಗಬೇಕಿತ್ತು. ಎಡಗಣ್ಣಿನ ಪೊರೆ ತೆಗೆಸಿದ್ದೆ, ಬಲಗಣ್ಣಿನದು ಇನ್ನೂ ಇತ್ತು. ಖಾಲಿ ಯಾಕೆ ಹೋಗಲಿ ಎಂದು ಅವನೇ ಬಂದು ಕರೆದ. ಮುಂದಿನ ಸೀಟಿನಲ್ಲಿ ಕೂರಿಸಿ, "ಅವ್ವಾ, ನಾನು ರಸ್ತೆ ನೋಡ್ಕಂತೀನಿ, ನೀವು ದೀಪ ನೋಡ್ಕಳ್ರಿ. ಅದನ್ನ ನೋಡಿದ್ರೆ ನನಗೆ ರಸ್ತೆ ಮರ್ತು ಹೋಗ್ತೈತೆ" ಅಂದ.

"ನಂಗಿರೋದು ಒಂದೇ ಕಣ್ಣು ಕಣಪ್ಪ."

"ದೀಪನೂ ಒಂದೇ ಅಲ್ವಾ."

ದೀಪದ ಪಕ್ಕ ಇಂಗ್ಲಿಷಿನಲ್ಲಿ ಏನೋ ಇತ್ತು. ಅದು ನನಗೆ ಬೇಕಾಗಿರಲಿಲ್ಲ. ಹತ್ತಿದೆಯೋ ಆರಿದೆಯೋ, ಅಷ್ಟೇ ನನಗೆ ವಹಿಸಿದ ಕೆಲಸ. ಹುಣಸೆಮರ ದೂರದಲ್ಲಿ ಕಂಡಿತು. ಅವನ ಬಲಗೈ ಎದೆಗೆ ಹೋಯಿತು, ಎಡಗೈ ಒತ್ತಿತು. ಕೆಂಪು ಹತ್ತಿತು. ನಿಲ್ಲಿಸಿದ. ಅವನು ಕ್ಯಾನು ತರುವಷ್ಟರಲ್ಲಿ ನಾನೂ ಇಳಿದು ಕಾರಿನ ಮೂತಿಯ ಮೇಲೆ ಅಂಗೈ ಇಟ್ಟೆ. ರೊಟ್ಟಿ ಮುಗಿಸಿ ಇಳಿಸಿಟ್ಟ ಹೆಂಚಿನಷ್ಟೂ ಬಿಸಿ ಇರಲಿಲ್ಲ. ಹತ್ತಿ ಕೂತೆ. ಒಂದು ಸಲ ಕಂಡದ್ದನ್ನು ಆಡಬಾರದು, ಆಡಿದರೆ ಅದು ಚಾಡಿಯಾಗುತ್ತದೆ.

ಆಂಜನೇಯನ ಗುಡಿಯ ಹತ್ತಿರ ಅವನ ಎಡಗೈಯನ್ನೂ ದೀಪವನ್ನೂ ಒಟ್ಟಿಗೆ ನೋಡಿದೆ. ಕೈ ಒತ್ತಿತು, ದೀಪ ಹತ್ತಿತು. ಕೈ ಎತ್ತಿದ, ಆರಿತು. ಗುಡಿ ಇನ್ನೂ ಮುಂದಿತ್ತು. ಸಿಟ್ಟು ಮಾಡಿಕೊಳ್ಳಬೇಕಾದರೂ ಆಂಜನೇಯನಿಗೆ ನಾವು ಕಾಣಬೇಕಲ್ಲ ಎಂದುಕೊಂಡೆ. ಮತ್ತೆ ನಿಂತು, ಮತ್ತೆ ಕಾದು, ಮತ್ತೆ ಹೊರಟೆವು.

"ದೊಡ್ಡೀರಪ್ಪ, ದರ್ಗಾದ ಹತ್ರ ಇವತ್ತೊಂದಿನ ಹೊಡೀಬೇಡ."

ಕಾರು ಒಂದು ಸಲ ಓಲಾಡಿತು. "ಮಾರೋ ದಿನ ಆ ದರ್ಗಾದಜ್ಜನ ಸಿಟ್ಟೂ ಕಟ್ಕಳ್ಳಾ ಅವ್ವಾ?"

"ಹಂಗಾದ್ರೆ ಇಲ್ಲೇ ಒಂದ್ಸಲ ಹೊಡಿ."

"ಇಲ್ಲಿ ಯಾವ ದೇವ್ರೈತೆ?"

"ದೇವ್ರು ಬ್ಯಾಡ. ಆ ಕುರಿಗಳಿಗೆ ಹೊಡಿ."

"ಅವೇನು ಮಾಡ್ಯಾವೆ ಪಾಪ?"

ದೇವರಿಗೆ ಹೊಡೆಯುವುದು ಬಿಡುವುದಿಲ್ಲ, ಕುರಿಗೆ ಹೊಡೆಯುವುದಿಲ್ಲ. ಇವನ ನೇಮದೊಳಗೆ ಕಾಯಿಲೆ ಬೆಚ್ಚಗೆ ಕೂತಿತ್ತು. ಕುರಿಗಳು ದಾಟಿದವು. ಎರಡೂ ಕಡೆ ಬರೀ ಹೊಲ, ಮುಂದೆ ಖಾಲಿ ರಸ್ತೆ. ನಾನೇ ಬಗ್ಗಿ ಕೈ ಚಾಚಿ ಸ್ಟೇರಿಂಗಿನ ನಡುವೆ ಒತ್ತಿದೆ.

"ಯಾರಿಗೆ ಹೊಡುದ್ರಿ ಅವ್ವಾ?" ಎಂದು ಅವನು ಹೊಲದ ಕಡೆ ಹುಡುಕತೊಡಗಿದ.

"ಯಾರಿಗೂ ಇಲ್ಲ. ದೀಪ ನೋಡು."

ಕಾರು ನಿಲ್ಲಿಸಿದ. ಇನ್ನೊಂದು ಸಲ ಒತ್ತಿದೆ. ಕೆಂಪು ಹತ್ತಿತು, ಮುಳ್ಳು ಹಾರಿತು. ಕೈ ತೆಗೆದೆ. ಎರಡೂ ಇಳಿದವು. ಅವನು ದೀಪವನ್ನು ನೋಡಿದ, ನನ್ನ ಕೈಯನ್ನು ನೋಡಿದ. ಆಮೇಲೆ ಖಾಲಿ ಹೊಲಕ್ಕೆ "ತಪ್ಪಾಯ್ತು" ಎಂದು ಹೇಳಿ ತಾನೇ ಒತ್ತಿದ. ಮತ್ತೆ ಒತ್ತಿದ. ಹಿಂದಿನಿಂದ ಬಂದ ಬೈಕಿನವನು ತನಗೇ ಹೊಡೆದರೆಂದು ಗಾಡಿ ಪಕ್ಕಕ್ಕೆ ಹಾಕಿ ನಿಂತ. "ನಿಮಗಲ್ಲ ಅಣ್ಣಾ, ನೀವು ಹೋಗ್ರಿ" ಎಂದು ದೊಡ್ಡೀರಪ್ಪ ಕೈ ಮುಗಿದ.

ದಾರಿಯಲ್ಲಿ ಚಿಕ್ಕೀರಪ್ಪನ ಫೋನು ಬರುತ್ತಲೇ ಇತ್ತು. ಗಿರಾಕಿ ಬಂದು ಕೂತಿದ್ದನಂತೆ. ನಾವು ಮಂಡಿಗೆ ಹೋಗದೆ ನೆಟ್ಟಗೆ ಮಲ್ಲಿಕನ ಅಂಗಡಿಗೆ ಹೋದೆವು. ನಾನು ಕಂಡದ್ದನ್ನು ಹೇಳಿದೆ. ಮಲ್ಲಿಕ್ ಕಾರಿನ ಮುಂಭಾಗದಲ್ಲಿ ತಲೆ ತೂರಿಸಿ ಒಂದು ಕಪ್ಪು ವೈರನ್ನು ಹಿಡಿದು ಹೊರಗೆಳೆದ. ಅದನ್ನು ಕಾರಿನ ಮೈಗೆ ಬಿಗಿಯುವ ಬೋಲ್ಟಿನ ಸುತ್ತ ಹಸಿರು ತುಕ್ಕು.

"ಇದು ಅರ್ಥಿಂಗ್ ವೈರು ಅಮ್ಮಾ. ಹಾರನ್ನಿಗೂ ಮುಳ್ಳಿಗೂ ಸೇರಿ ಒಂದೇ. ಕರೆಂಟು ವಾಪಸ್ ಹೋಗೋ ದಾರಿ ಇದು. ತುಕ್ಕು ಹಿಡಿದು ದಾರಿ ಸಣ್ಣದಾಗೈತೆ. ಹಾರನ್ ಒತ್ತಿದ್ರೆ ನೂಕುನುಗ್ಗಲು, ಮುಳ್ಳು ಸುಳ್ಳು ಹೇಳ್ತದೆ." ಆಮೇಲೆ ದೊಡ್ಡೀರಪ್ಪನ ಕಡೆ ತಿರುಗಿದ. "ನಾನು ಮೊದ್ಲೇ ಕೇಳ್ಲಿಲ್ವಾ ಭಾಯ್, ಹಾರನ್ ಹೊಡೆದಾಗ ಬರ್ತದಾ ಅಂತ?"

"ನೀನು ಕೇಳ್ದೆ. ನಾನು ಹಾರನ್ ಹೊಡೆಯಲ್ಲ ಅಂದೆ."

"ಮತ್ತೆ ಮಾರಮ್ಮನ ಹತ್ರ ಹೊಡೆಯೋದು?"

"ಅದು ನಮಸ್ಕಾರ."

ಮಲ್ಲಿಕ್ ಸ್ಪ್ಯಾನರನ್ನು ಕೆಳಗಿಟ್ಟ. "ಅಮ್ಮಾ, ಇವರ ನಮಸ್ಕಾರಕ್ಕೆ ಒಂದು ಸೆನ್ಸರು, ಒಂದು ಪಂಪು ಹೋಯ್ತು ನೋಡಿ" ಅಂದ. ಬೋಲ್ಟನ್ನು ಉಜ್ಜಿ ಹೊಳೆಯುವಂತೆ ಮಾಡಿ, ವೈರಿನ ತುದಿ ಕತ್ತರಿಸಿ ಹೊಸದಾಗಿ ಬಿಗಿದ. "ಹೂಂ, ಈಗ ಹೊಡಿ."

ಅಂಗಡಿ ಇದ್ದದ್ದು ಜನ ಓಡಾಡುವ ಬೀದಿಯಲ್ಲಿ. ದೊಡ್ಡೀರಪ್ಪ ಸ್ಟೇರಿಂಗಿನ ಹಿಂದೆ ಕೂತು ಬೀದಿ ಖಾಲಿಯಾಗಲಿ ಎಂದು ಕಾದ. ಅದು ಖಾಲಿಯಾಗುವ ಬೀದಿಯಲ್ಲ. ಅಷ್ಟರಲ್ಲಿ ಚಿಕ್ಕೀರಪ್ಪನೇ ಸ್ಕೂಟರಿನಲ್ಲಿ ಹುಡುಕಿಕೊಂಡು ಬಂದ. ಇಳಿದವನೇ ಕಾರಿನ ಮುಂದೆ ನಿಂತು ಎರಡು ಕೈಯನ್ನೂ ಬಾನೆಟ್ಟಿನ ಮೇಲೆ ಊರಿದ.

"ಅಣ್ಣಾ, ಮನೆ ಮರ್ಯಾದೆ ಕಳೀಬೇಡ. ಬಂದೋರು ಎದ್ದು ಹೋಗ್ತಾವ್ರೆ. ಬೀಗದ ಕೈ ಕೊಡು, ಇಳಿ ಕೆಳಗೆ."

ದೊಡ್ಡೀರಪ್ಪ ತಮ್ಮನನ್ನು ನೋಡಿದ, ನನ್ನ ಕಡೆ ನೋಡಿದ, ಆಮೇಲೆ ಕಣ್ಣು ಮುಚ್ಚಿಕೊಂಡು ಎರಡೂ ಕೈ ಸೇರಿಸಿ ಹಾರನ್ ಒತ್ತಿದ. ಲಾರಿಯ ಕಾಲದಿಂದ ನುಂಗಿಕೊಂಡಿದ್ದದ್ದೆಲ್ಲ ಅದರಲ್ಲಿ ಹೊರಗೆ ಬಂತು. ಎದುರಿನ ಹೋಟೆಲಿನವರು ಹೊರಗೆ ಬಂದು ನೋಡಿದರು. ಚಿಕ್ಕೀರಪ್ಪ, ಆ ದೊಡ್ಡ ಆಳು, ಪಕ್ಕಕ್ಕೆ ಸರಿದು ನಿಂತ. ನಾನು ನನಗೆ ವಹಿಸಿದ ಕೆಲಸ ಬಿಟ್ಟಿರಲಿಲ್ಲ. ದೀಪ ಹತ್ತಲಿಲ್ಲ. ಮುಳ್ಳು ಇದ್ದಲ್ಲೇ ಇತ್ತು.

"ಇದೂ ನಮಸ್ಕಾರನಾ ಭಾಯ್?" ಅಂದ ಮಲ್ಲಿಕ್.

"ಅಲ್ಲ" ಅಂದ ದೊಡ್ಡೀರಪ್ಪ. ಅವನ ಕಿವಿ ಕೆಂಪಗಾಗಿತ್ತು. "ಕಾರು ಕೊಡಲ್ಲ ಕಣೋ ಚಿಕ್ಕೀರಿ. ನೀನು ಹೋಗು, ದಿಂಬು ತೆಗೆದಿಡು."

ಚಿಕ್ಕೀರಪ್ಪ "ಬಾಯಲ್ಲಿ ಹೇಳಿದ್ರೆ ಆಗ್ತಿರ್ಲಿಲ್ವಾ" ಅಂದು ಸ್ಕೂಟರ್ ಹತ್ತಿದ. ಗಿರಾಕಿಗೆ ಏನು ಹೇಳಿದನೋ, ಆ ಸುದ್ದಿ ಮತ್ತೆ ಬರಲಿಲ್ಲ. ಶೇಂಗಾ ಸುಗ್ಗಿಯ ಹೊತ್ತಿಗೆ ಓಣಿಯವರು ಒಬ್ಬೊಬ್ಬರಾಗಿ ಮತ್ತೆ ದೊಡ್ಡೀರಪ್ಪನನ್ನು ಕರೆಯತೊಡಗಿದರು, ಬುತ್ತಿ ಕಟ್ಟಿಕೊಂಡೇ. ತಮ್ಮನಿಗೆ ಹೊಡೆದದ್ದೇ ಕೊನೆ, ಮನುಷ್ಯರಿಗೆ ಅವನು ಮತ್ತೆ ಹೊಡೆದಿಲ್ಲ.

ಬಲಗಣ್ಣಿನ ಪೊರೆ ತೆಗೆಸಿಕೊಂಡು ಬಂದದ್ದೇ ನಾನು ಆ ಕಾರಿನಲ್ಲಿ ಕೂತ ಕೊನೆಯ ಸಲ. ಈಗ ಚಳ್ಳಕೆರೆಯಲ್ಲಿ ನನಗೆ ಕೆಲಸವಿಲ್ಲ. ಅವತ್ತು ಬರುತ್ತಾ ಮಾರಮ್ಮನ ಕಟ್ಟೆಯ ಮುಂದೆ ಅವನು ಉದ್ದಕ್ಕೆ ಹೊಡೆದ. ದೀಪ ಹತ್ತಲಿಲ್ಲ. ನಿಲ್ಲಿಸುವ ಕಾರಣವಿಲ್ಲದಿದ್ದರೂ ನಿಲ್ಲಿಸಿದ. ಹಿಂತಿರುಗಿ ಹುಣಸೆಮರವನ್ನು ಬಹಳ ಹೊತ್ತು ನೋಡಿದ.

"ಏನಪ್ಪ?" ಅಂದೆ.

"ಏನಿಲ್ಲ ಅವ್ವಾ. ಮೊದ್ಲು ನಾನು ಹೊಡೆದ್ರೆ ಅಲ್ಲಿಂದ ಏನೋ ಒಂದು ಬರೋದು, ಸಿಟ್ಟೋ ಏನೋ. ಈಗ ಏನೂ ಬರಲ್ಲ." ಗೇರು ಹಾಕಲು ಹೋದವನು ಕೈ ಅಲ್ಲೇ ನಿಲ್ಲಿಸಿದ. "ಅಮ್ಮನಿಗೆ ಕೇಳಿಸ್ತೈತೆ ಅಂತೀರಾ?"