ಸಮುದ್ರಕ್ಕೆ ಹೊರಟ ಅಡಿಗೆಮನೆ

ನಮ್ಮ ಕಡೆ ಯಾರಾದರೂ ಊರಿಗೆ ಹೊರಟೆನೆಂದರೆ, ಆ ಊರು ಎಷ್ಟು ದೂರ, ಅಲ್ಲಿ ನೋಡುವಂಥದ್ದೇನಿದೆ ಎಂದು ಯಾರೂ ಕೇಳುವುದಿಲ್ಲ, "ಅಲ್ಲಿ ಯಾರ ಅದಾರ?" ಎಂದು ಕೇಳುತ್ತಾರೆ. ಸೊಲ್ಲಾಪುರಕ್ಕೆ ಹೊರಟರೆ ಅಲ್ಲೊಬ್ಬ ಚಿಕ್ಕಮ್ಮ ಇರಬೇಕು; ಹೈದರಾಬಾದಿಗೆ ಹೊರಟರೆ ಸೋದರಮಾವನ ಷಡ್ಡಕನಾದರೂ ಇರಬೇಕು. ಯಾರೂ ಇಲ್ಲದ ಊರಿಗೆ ಹೋಗುವವನು ಒಂದೋ ದವಾಖಾನೆಗೆ ಹೊರಟಿರುತ್ತಾನೆ, ಇಲ್ಲವೇ ಕೋರ್ಟಿಗೆ. ಭೂಗೋಳವೆಂಬುದು ನಮ್ಮ ಪಾಲಿಗೆ ಬಂಧುಬಳಗವನ್ನು ಅಲ್ಲಲ್ಲಿ ಎತ್ತಿಟ್ಟಿರುವ, ಗೋಡೆಯಲ್ಲಿ ಕೊರೆದ ಒಂದು ದೊಡ್ಡ ಮಾಡ. ಈ ಶಾಸ್ತ್ರದ ಪ್ರಕಾರ ಸಮುದ್ರಕ್ಕೆ ಹೋಗಲು ನಮ್ಮ ಮನೆತನಕ್ಕೆ ಯಾವ ಅರ್ಹತೆಯೂ ಇರಲಿಲ್ಲ. ಅಲ್ಲಿ ನಮ್ಮವರು ಯಾರೂ ಇರಲಿಲ್ಲ.

ಆದರೂ ಎಂಬತ್ತರ ದಶಕದ ಆರಂಭದ ಒಂದು ಬೇಸಗೆಯಲ್ಲಿ ನಾವು ಸಮುದ್ರಕ್ಕೆ ಹೊರಡುವ ವಿಚಾರ ಮಾಡಿದೆವು. ಇದಕ್ಕೆ ಕಾರಣ ನನ್ನ ಮೈದುನ ಶರಣಪ್ಪ. ಹುಮನಾಬಾದಿನ ಹೆದ್ದಾರಿಯ ಮೇಲೆ ಅವನದು ಲಾರಿಗಳಿಗೆ ಮರದ ಬಾಡಿ ಕಟ್ಟುವ ಶೆಡ್ಡು. ಒಂದು ದಿನ ಪುಣೆಯ ಕಡೆಯಿಂದ ಬಂದ ಪರದೇಶದ ಗಂಡಹೆಂಡಿರ ಗಾಡಿಯೊಂದು ಗಾಲಿಯ ಮೇಲಿನ ಕಮಾನುಪಟ್ಟಿ ಮುರಿದುಕೊಂಡು ಆ ಶೆಡ್ಡಿನ ಮುಂದೆಯೇ ನಿಂತಿತು. ಹೊರಗಿನಿಂದ ನೋಡಿದರೆ ವ್ಯಾನು, ಒಳಗೆ ಇಣುಕಿದರೆ ಸಂಸಾರ: ಮಂಚ, ಒಲೆ, ಪಾತ್ರೆ ತೊಳೆಯುವ ತೊಟ್ಟಿ, ಕಿಟಕಿಗೆ ಹೂವಿನ ಪರದೆ. ದುರಸ್ತಿ ಮುಗಿಯುವವರೆಗೆ ಆ ಹೆಂಗಸು ಒಳಗೇ ನಿಂತು ತತ್ತಿ ಹುರಿದಳು, ಆ ಗಂಡಸು ತಾಟು ತೊಳೆದ. ನೋಡಲು ನೆರೆದ ಅರ್ಧ ಹುಮನಾಬಾದಿಗೆ ಗಾಡಿಯಲ್ಲಿ ಒಲೆ ಉರಿದದ್ದು ಆಶ್ಚರ್ಯವೆನಿಸಲಿಲ್ಲ. ಗಂಡಸು ತಾಟು ತೊಳೆದದ್ದು ಬಹಳ ದಿನ ಮಾತಿಗೆ ವಸ್ತುವಾಯಿತು.

ಶರಣಪ್ಪ ಮಾತ್ರ ಸಂಜೆ ಬಂದು ನನ್ನ ಅಡಿಗೆಮನೆಯ ಹೊಸ್ತಿಲ ಮೇಲೆ ಕುಳಿತು ಬೇರೆಯೇ ಮಾತು ಹೇಳಿದ: "ವೈನಿ, ಅವರು ಯಾರ ಮನಿಗೂ ಹೋಗೂ ಜರೂರತ್ ಇಲ್ಲ ನೋಡ್ರಿ. ಎಲ್ಲಿ ನಿಂತ್ರ ಅಲ್ಲೇ ಅವರ ಮನಿ. ಅಂಥಾದ ಒಂದು ನಾ ಕಟ್ಟತೀನಿ."

ಅವನು ಕಟ್ಟುವುದು ಅವನ ಹುಚ್ಚು. ನನ್ನ ತಲೆಯಲ್ಲಿ ಉಳಿದದ್ದು 'ಯಾರ ಮನಿಯೂ ಅಲ್ಲದ ಮನಿ' ಎಂಬ ವಿಚಾರ. ಇದನ್ನು ತಿಳಿಯಬೇಕಾದರೆ ನೀವು ನನ್ನ ಅವ್ವನನ್ನು ತಿಳಿಯಬೇಕು.

ನನ್ನ ತವರು ಬಸವಕಲ್ಯಾಣ. ಹುಮನಾಬಾದಿನಿಂದ ಬಸ್ಸಿನಲ್ಲಿ ಒಂದು ನಿದ್ದೆಗೂ ಸಾಲದಷ್ಟು ಹಾದಿ. ಮದುವೆಯಾಗಿ ನನ್ನ ಮಕ್ಕಳಿಬ್ಬರೂ ಹಾಸ್ಟೆಲ್ಲು ಸೇರುವಷ್ಟು ವರ್ಷಗಳಾಗಿದ್ದರೂ ಅವ್ವ ನನ್ನ ಮನೆಯಲ್ಲಿ ಒಂದು ತುತ್ತು ಉಂಡಿರಲಿಲ್ಲ. ಸಿಟ್ಟಿಲ್ಲ, ಜಗಳವಿಲ್ಲ, ಮಗಳನ್ನು ಕೊಟ್ಟ ಮನೆಯಲ್ಲಿ ಕೈ ತೊಳೆಯಬಾರದು, ಅಷ್ಟೆ. ಮೊಮ್ಮಕ್ಕಳು ಹುಟ್ಟಿದ ಮೇಲೆ ಉಣ್ಣಲು ಅಡ್ಡಿಯಿಲ್ಲವೆಂದು ಹೇಳುವ ಉದಾರಿಗಳೂ ಉಂಟು. ನಮ್ಮವ್ವನದು ಅಂಥ ಸಡಿಲ ಪಂಥವಲ್ಲ. ಸಂತೆಗೆ ಬಂದಾಗ ನಮ್ಮ ಮನೆಯ ಕಟ್ಟೆಯ ಮೇಲೆ, ಅದೂ ಅರ್ಧ ಕಟ್ಟೆಯ ಮೇಲೆ, ಈಗಲೇ ಎದ್ದೇನೆನ್ನುವ ಭಂಗಿಯಲ್ಲಿ ಕೂಡುವಳು. ತನ್ನ ಚೀಲದ ಎಲೆಅಡಿಕೆಯನ್ನೇ ಹಾಕಿಕೊಳ್ಳುವಳು. ಒಳಗೆ ನಾನು ರೊಟ್ಟಿಯ ಹಂಚು ಒಲೆಗೇರಿಸಿದ ಸದ್ದಾದರೆ ಅವಳಿಗೆ ಬಸ್ಸು ನೆನಪಾಗುವುದು. ಊರೆಲ್ಲ ಉಂಡುಹೋದ ನನ್ನ ಕೈಯಡಿಗೆಯನ್ನು ಕಲಿಸಿದವಳೇ ಉಂಡಿಲ್ಲವೆಂಬುದು ಹೇಳಿಕೊಳ್ಳುವಂಥ ದುಃಖವಲ್ಲ. ಹೇಳಿಕೊಳ್ಳದೆ ಇರುವುದಕ್ಕೂ ಆಗದು. ಶರಣಪ್ಪನ ಗಾಡಿ ಬೀಗರ ಮನೆಯಲ್ಲ, ತವರೂ ಅಲ್ಲ. ಅದರಲ್ಲಿ ಅವ್ವನನ್ನು ಕೂಡಿಸಿಕೊಂಡು ಸಮುದ್ರದವರೆಗೆ ಹೋದರೆ, ಹೋಗಿಬರುವ ದಿನಗಳಷ್ಟೂ ಅವಳು ನನ್ನ ಕೈಯ ಅನ್ನ ಉಣ್ಣಲೇಬೇಕಲ್ಲ! ಸಮುದ್ರವು ನನ್ನ ಯೋಜನೆಯಲ್ಲಿ ಒಂದು ನೆಪವಾಗಿತ್ತು; ದೊಡ್ಡ ನೆಪ, ಆದರೂ ನೆಪವೇ.

ಇನ್ನು ನಿರ್ಮಾಣಕಾಂಡ. ಶರಣಪ್ಪ ಯಾರೋ ಬಿಟ್ಟುಹೋದ ಹಳೆಯ ಮೆಟಡಾರ್ ವ್ಯಾನೊಂದನ್ನು ತಂದು ಸಜ್ಜುಗೊಳಿಸತೊಡಗಿದ. ಪರದೇಶದ ಒಲೆ ಸೊಂಟದ ಎತ್ತರಕ್ಕಿತ್ತಾದ್ದರಿಂದ ಇವನೂ ಸೊಂಟದ ಎತ್ತರಕ್ಕೆ ಹಲಗೆ ಹೊಡೆದ. ರೊಟ್ಟಿಯನ್ನು ನಿಂತು ಬಡಿಯಲಾಗದೆಂದೂ, ಕುಳಿತು, ಮೈಯ ಭಾರವನ್ನು ಅಂಗೈಗೆ ತಂದು ಬಡಿಯಬೇಕೆಂದೂ ನಾನು ವಿವರಿಸಿದೆ. ಅವನು ಹಲಗೆ ಕಿತ್ತು ನೆಲಕ್ಕಿಳಿಸಿದ. ಕುಳಿತವಳ ಮೊಣಕಾಲಿಗೆ ಜಾಗ ಬೇಕಾಗಿ ಒಂದು ಮಂಚ ಹೋಯಿತು. ಹಿಟ್ಟಿನ ಡಬ್ಬಿಗೆಂದು ಇನ್ನೊಂದು ಮಂಚ ಅರ್ಧವಾಯಿತು. ಹೀಗೆ ಮಲಗುವುದಕ್ಕೆಂದು ಹುಟ್ಟಿದ ಗಾಡಿಯು ನನ್ನ ಸಲಹೆಗಳ ದೆಸೆಯಿಂದ ಕ್ರಮೇಣ ಒಂದು ಅಡಿಗೆಮನೆಯಾಗಿ, ಅದಕ್ಕೆ ಮಲಗುವ ಸೌಕರ್ಯವೂ ಸ್ವಲ್ಪ ಇದೆ ಎನ್ನುವಂತಾಯಿತು. ಕೈಗೆ ಬಂದ ಗಾಡಿಗಳಿಗೆಲ್ಲ ಲಾರಿಯ ಅಲಂಕಾರವನ್ನೇ ಮಾಡುವ ರೂಢಿಯವನಾದ್ದರಿಂದ ಹಿಂಭಾಗದಲ್ಲಿ ಎರಡು ಗಿಳಿ, ಒಂದು ಕಮಲ, ನಡುವೆ 'ಹಾರ್ನ್ ಹೊಡೆಯಿರಿ' ಎಂಬ ಬರಹ ಇದ್ದವು. ಅಡಿಗೆಮನೆಯ ಮೇಲೆ ಅಂಥ ಒಕ್ಕಣೆ ಇರುವುದು ಅಷ್ಟೇನೂ ಅನುಚಿತವಲ್ಲವೆಂದು ನಮ್ಮ ಮನೆಯವರು ಅಭಿಪ್ರಾಯಪಟ್ಟರು. ಅವರು ಕಾಳುಕಡಿಯ ಅಡತ್ ಅಂಗಡಿಯಲ್ಲಿ ಗುಮಾಸ್ತರು, ವಾರಕ್ಕೊಂದು ಅಭಿಪ್ರಾಯಪಡುತ್ತಾರೆ.

ಗುರಿ ಕಾರವಾರವೆಂದು ನಿಶ್ಚಯವಾಯಿತು. ಶರಣಪ್ಪ ಎಂದೋ ಕಟ್ಟಿಗೆ ತರಲು ಆ ಕಡೆ ಹೋದಾಗ ಸಮುದ್ರದ ದಂಡೆಗೆ ಗಾಳಿಮರಗಳ ಒಂದು ಉದ್ಯಾನವನ್ನು ಕಂಡಿದ್ದನಂತೆ. ನೆರಳಿದೆ, ಬಾವಿಯಿದೆ, ಕಾವಲುಗಾರನು ಸಭ್ಯ; ಗಾಡಿ ನಿಲ್ಲಿಸಿ ನಾಲ್ಕು ದಿನ ಇರಬಹುದು.

ಈ ಹಂತದಲ್ಲಿ ಯೋಜನೆಯು ನಮ್ಮ ಅತ್ತೆಯ ಕೈಗೆ ಹೋಯಿತು. ಅತ್ತೆಗೆ ಸಮುದ್ರದ ಬಗ್ಗೆ ಒಂದೇ ಕುತೂಹಲ. "ನೀರ ತಾನ ಬಂದು ಕಾಲ ಮುಟ್ಟಿ ಹೋಗ್ತದಂತ, ಖರೇ ಏನೋ ಶರಣ್ಯಾ?" ಎಂದು ಮಗನನ್ನು ದಿನವೂ ಕೇಳುವರು. ಹುಟ್ಟಿದಂದಿನಿಂದ ಕೊಡ ಹೊತ್ತು ನೀರಿದ್ದಲ್ಲಿಗೆ ತಾವೇ ನಡೆದವರಿಗೆ, ನೀರು ತಾನಾಗಿ ಬರುತ್ತದೆಂಬ ಸುದ್ದಿಯನ್ನು ನಂಬುವುದು ಸುಲಭವಲ್ಲ. ಆದರೆ ಹಾದಿಯ ಮಾತು ಬಂದೊಡನೆ ಅವರು ಬೆರಳು ಮಡಚತೊಡಗಿದರು. ಸೊಲ್ಲಾಪುರದ ಮೇಲೆ ಹೋಗಿ ಚಿಕ್ಕಮ್ಮನಲ್ಲಿ ಉಣ್ಣದಿದ್ದರೆ ಹ್ಯಾಂಗ? ವಿಜಾಪುರದಲ್ಲಿ ನಾದಿನಿಯ ಮಗಳಿದ್ದಾಳೆ, ಬಸುರಿ, ಬರಿಗೈಲಿ ಹೋಗಲಾಗದು. ಹುಬ್ಬಳ್ಳಿಯವರು ಮದುವೆಗೆ ಕರೆದಾಗ ನಾವು ಹೋಗಿಲ್ಲ. ಈಗ ಬಾಗಿಲ ಮುಂದೆ ಒಲೆ ಹೊತ್ತುಕೊಂಡು ಹಾದುಹೋದರೆ ಅವರು ಸಾಯುವತನಕ ಮಾತಾಡಲಿಕ್ಕಿಲ್ಲ. ಒಬ್ಬರಲ್ಲಿ ಒಂದು ಹೊತ್ತು, ಇನ್ನೊಬ್ಬರಲ್ಲಿ ಎರಡು ದಿನ. ಎರಡೂ ಕೈಯ ಬೆರಳು ಮುಗಿದಾಗ ನಮ್ಮ ಗಾಡಿ ಇನ್ನೂ ಧಾರವಾಡವನ್ನು ಬಿಟ್ಟಿರಲಿಲ್ಲ, ಶರಣಪ್ಪನ ಶೆಡ್ಡಿನ ಬಿಡುವೂ ಮುಗಿದಿತ್ತು.

"ಅಲ್ಲವ್ವಾ," ಎಂದ ಶರಣಪ್ಪ, "ಯಾರ ಮನಿಗೂ ಹೋಗಬಾರದು ಅಂತನೇ ನಾ ಇದು ಕಟ್ಟೀನಿ."

"ಕಟ್ಟಪ್ಪಾ. ಬ್ಯಾಡ ಅಂದೋರ್ಯಾರು? ಅವರ ಅಂಗಳದಾಗ ನಿಂದರಸು, ಒಳಗ ಮಕ್ಕೊಂಡ್ರಾತು."

ಅತ್ತ ಬಸವಕಲ್ಯಾಣದಲ್ಲಿ ಅವ್ವನನ್ನು ಒಪ್ಪಿಸುವ ಹೊಣೆ ನನ್ನದು. ಗಾಡಿ ಯಾರದು ಎಂದು ಅವಳು ಕೇಳಿದಳು. ಮೈದುನನದು ಎಂದೆ. "ಹಂಗಾರ ಬೀಗರದಾತು," ಎಂದಳು. ಗಾಲಿಯ ಮೇಲಿರುವುದು ಮನೆಯಲ್ಲ, ನೀನು ಬಸ್ಸಿನಲ್ಲಿ ಕುಳಿತು ಬುತ್ತಿ ಬಿಚ್ಚುವುದಿಲ್ಲವೇ ಎಂದೆ. ಬುತ್ತಿ ತನ್ನದು ಎಂದಳು. ಈ ಎಳೆಯನ್ನು ನಾನು ಬಿಡಲಿಲ್ಲ. ಹಿಟ್ಟು ನಿನ್ನದೇ ಇರಲಿ ಎಂದೆ. ನೀರು? ನಿಮ್ಮ ಬಾವಿಯದೇ ತುಂಬೋಣ. ಉಪ್ಪು, ನಂಜಿಕೊಳ್ಳುವ ಹಿಂಡಿ, ಪುಂಡಿಪಲ್ಯ? ಎಲ್ಲ ನಿನ್ನ ಮನೆಯಿಂದಲೇ. ಹಂಚು? ಅವ್ವ ತನ್ನ ಹಂಚನ್ನೇ ಕೆಳಗಿಳಿಸಿದಳು. ನಾನು ಬರೀ ಬಡಿಯುವವಳು, ಆಳು ಎಂದು ತಿಳಿ ಎಂದೆ. ಅವ್ವ ಬಹಳ ಹೊತ್ತು ಎಲೆಗೆ ಸುಣ್ಣ ಸವರಿದಳು. "ಸಮುದ್ರ ನೋಡಬೇಕಂತ ನನಗೂ ಭಾಳ ದಿನದ್ದು ಅದ," ಎಂದಳು. ಅದು ಸುಳ್ಳೆಂದು ನಮ್ಮಿಬ್ಬರಿಗೂ ತಿಳಿದಿತ್ತು. ತನಗೂ ಒಂದು ನೆಪ ಬೇಕಾಗಿತ್ತು.

ಹೊರಡುವ ದಿನ ಹುಮನಾಬಾದಿನ ಓಣಿಯೆಲ್ಲ ಬಾಗಿಲಿಗೆ ಬಂತು. ನಾವು ಮುಚ್ಚಳ, ಮಣೆ, ಹಿಟ್ಟು ನಾದುವ ಪರಾತಗಳನ್ನು ಒಂದೊಂದಾಗಿ ಗಾಡಿಗೇರಿಸುವುದನ್ನು ನೋಡಿ ಎದುರು ಮನೆಯ ಖಾಲಾ, "ಏನವ್ವಾ, ಮಾಲಕರು ಮನಿ ಖಾಲಿ ಮಾಡಿಸ್ಯಾರೇನು? ನಮಗೊಂದು ಮಾತ ಹೇಳಬಾರದಾ?" ಎಂದು ನಕ್ಕಳು. ಸ್ವಂತ ಮನೆಯೆಂದು ನಮ್ಮ ಮನೆಯವರು ಆಕೆಗೆ ಗಂಭೀರವಾಗಿ ತಿಳಿಸಿದರು. ಆ ವಾರದ ಅಭಿಪ್ರಾಯ ಅಲ್ಲಿಗೆ ವ್ಯಯವಾಯಿತು.

ಬಸವಕಲ್ಯಾಣದ ಓಣಿಯಲ್ಲಿ ಗಾಡಿ ನಿಂತಾಗ ಅವ್ವ ಇಳಕಲ್ಲ ಸೀರೆಯುಟ್ಟು ತಯಾರಾಗಿದ್ದಳು. ಮಾತಿನಂತೆ ಹಿಟ್ಟು, ನೀರು, ಹಂಚು ಎಲ್ಲವೂ ಮೊದಲು ಏರಿದವು. ಕಡೆಗೆ ಅವಳು ಬಲಗಾಲನ್ನು ಮೆಟ್ಟಿಲ ಮೇಲಿಟ್ಟಳು. ಒಳಗೆ ಹಲಗೆಯ ಮೇಲೆ ಅತ್ತೆ ಕುಳಿತಿದ್ದರು. ಅವ್ವನ ತಲೆ ಬಾಗಿಲಲ್ಲಿ ಕಂಡದ್ದೇ ತಡ, ಅವರ ಮುಖ ಅರಳಿತು, ಇಷ್ಟು ವರ್ಷಗಳ ಉಪಚಾರವೆಲ್ಲ ಒಟ್ಟಿಗೆ ಬಾಯಿಗೆ ಬಂತು: "ಬರ್ರಿ ಬೀಗತ್ಯಾರ, ಬರ್ರಿ ಬರ್ರಿ! ಬರಲಾರದ ಬರಲಾರದ ನಮ್ಮ ಮನಿಗಿ ಬಂದ್ರಿ ನೋಡ್ರಿ ಇವತ್ತ. ನಿಮ್ಮದೇ ಮನಿ ಅಂತ ತಿಳೀರಿ."

ಮೆಟ್ಟಿಲ ಮೇಲಿನ ಕಾಲು ಕೆಳಗಿಳಿಯಿತು.

"ಇಲ್ರಿ," ಎಂದಳು ಅವ್ವ, ಅತ್ಯಂತ ವಿನಯದಿಂದ. "ನೀವು ಹೋಗಿ ಬರ್ರಿ. ನನಗ ಮೊಣಕಾಲು ಬರಾಬರ್ ಇಲ್ಲ." ಆ ಕ್ಷಣದವರೆಗೆ ಆ ಮೊಣಕಾಲಿನಲ್ಲಿ ದೋಷವಿದ್ದುದು ಯಾರಿಗೂ ತಿಳಿದಿರಲಿಲ್ಲ. ಶರಣಪ್ಪ ಏನಾಯಿತೆಂದು ತಿಳಿಯದೆ ಹಾರ್ನ್ ಹೊಡೆದ. ನಮ್ಮ ಮನೆಯವರು ಕೆಳಗಿಳಿದು ಟೈರುಗಳನ್ನು ಅಭ್ಯಾಸ ಮಾಡತೊಡಗಿದರು. ನಾನು ಪರಾತ ಹಿಡಿದು ನಿಂತಿದ್ದೆ. ಹಗೆತನ ಬಂದು ಕೆಡಿಸಿದ್ದರೆ ಜಗಳವಾಡಬಹುದಿತ್ತು. ಮರ್ಯಾದೆಯೇ ಬಂದು ಕೆಡಿಸಿದಾಗ ಯಾರನ್ನು ಬೈಯುವುದು?

ಅತ್ತೆ ಅವ್ವನ ಕಾಲನ್ನು ನೋಡಿದರು, ನನ್ನ ಮುಖವನ್ನು ನೋಡಿದರು, ಪರಾತವನ್ನೂ ನೋಡಿದರು. ಅವರಿಗೆ ತಿಳಿಯಿತು. ಅವರೂ ಒಬ್ಬ ಮಗಳನ್ನು ಕೊಟ್ಟವರು. ಆ ಮಗಳ ಮನೆಯ ಕಟ್ಟೆಯ ಮೇಲೆ ಅವರೂ ಅರ್ಧವೇ ಕೂಡುತ್ತಿದ್ದುದನ್ನು ನಾನು ಕಂಡಿದ್ದೆ. "ಸರೀರಿ ಜರಾ," ಎಂದು ತಮ್ಮ ಬಟ್ಟೆಯ ಗಂಟನ್ನು ಬಗಲಿಗಿಟ್ಟುಕೊಂಡು ಇಳಿದರು, ನೇರ ನನ್ನ ತವರಿನ ಪಡಸಾಲೆಗೆ ಹೋಗಿ ಹೊರಸಿನ ಮೇಲೆ ಪೂರಾ ಕುಳಿತರು. ಒಳಗಿದ್ದ ನನ್ನ ಅಣ್ಣನ ಹೆಂಡತಿಗೆ, "ಯವ್ವಾ, ಚಾ ಇಡು. ನಾ ಎಂಟ ದಿನ ಇರಾಕ ಬಂದೀನಿ," ಎಂದು ಕೂಗಿ ಹೇಳಿದರು.

ಅವ್ವ ಗಾಬರಿಯಾದಳು. "ಅಯ್ಯ, ಇದೇನ್ರಿ? ಬೀಗರು ಮನಿಗಿ ಬಂದಾಗ ನಾ ಹ್ಯಾಂಗ ಬಿಟ್ಟು ಹೋಗ್ಲಿ?"

"ನಿಮ್ಮ ಸೊಸಿ ಅದಾಳಲ್ಲ, ಆಕಿ ನೋಡ್ಕೋತಾಳ. ನನಗ ಗಾಡಿ ಅಲಗಾಟ ತಾಳೂದಿಲ್ರಿ. ಅಷ್ಟು ನೀರ ನೋಡಿ ನಾ ಮಾಡೂದರ ಏನದ?" ಎಂದರು ಅತ್ತೆ. ಬಳಿಕ ದನಿ ಇಳಿಸಿ, "ಹೋಗ್ರಿ. ನಾ ಇಲ್ಲದ ಗಾಡಿ ನಮ್ಮ ಮನಿ ಹ್ಯಾಂಗ ಆಗ್ತದ? ಅದರಾಗ ನಿಮ್ಮ ಮಗಳೊಬ್ಬಾಕಿ ಅದಾಳ," ಎಂದರು. ಬಾಗಿಲಲ್ಲಿ ನಿಂತಿದ್ದ ಶರಣಪ್ಪನಿಗೂ ಆಜ್ಞೆಯಾಯಿತು: "ಹಾದ್ಯಾಗ ಯಾರ ಮನಿಗೂ ನಿಂದರಬ್ಯಾಡ. ಕೇಳಿದ್ರ, ಅವ್ವ ಬಂದಿದ್ದಿಲ್ಲ ಅಂತ ಹೇಳು."

ಅವ್ವ ಇನ್ನೂ ಒಂದು ನಿಮಿಷ ನಿಂತಳು. ಮುಂದಿನ ಸೀಟಿನಲ್ಲಿ ಬೀಗರ ಗಂಡಸರಿಬ್ಬರು ಉಳಿದಿದ್ದರಲ್ಲ. ಮುಂದಿನ ಸೀಟು ಗಾಡಿ, ಅದು ಮನೆಯ ಲೆಕ್ಕಕ್ಕೆ ಬರುವುದಿಲ್ಲ ಎಂದು ಅವಳೇ ತೀರ್ಪು ಕೊಟ್ಟುಕೊಂಡು ಹತ್ತಿದಳು. ಮೊಣಕಾಲಿಗೆ ಏನೂ ಆಗಿರಲಿಲ್ಲ.

ಸಮುದ್ರದ ವಿಷಯ ಕೇಳುವಿರಾದರೆ, ಅದು ಇತ್ತು, ಹೇಳಿದಷ್ಟೇ ದೊಡ್ಡದಾಗಿತ್ತು. ನೀರು ತಾನಾಗಿ ಬಂದು ಕಾಲು ಮುಟ್ಟುವುದೂ ನಿಜವೆಂದು ಹಿಂತಿರುಗಿದ ಮೇಲೆ ಅತ್ತೆಗೆ ಹೇಳಿದೆ. "ಇರಲಿ ಬಿಡು, ನಿಮ್ಮ ತವರಿನಾಗ ಕಾಲಿಗಿ ನೀರ ಕೊಟ್ಟೇ ಒಳಗ ಕರೀತಾರ," ಎಂದರು. ಆದರೆ ನನ್ನ ಪ್ರವಾಸ ಸೊಲ್ಲಾಪುರದ ಹಾದಿಯ ಉಮರ್ಗಾ ಸಮೀಪದ ಒಂದು ಬೇವಿನ ಮರದ ಕೆಳಗೆ, ಮೊದಲ ದಿನದ ಮಧ್ಯಾಹ್ನವೇ, ಮುಟ್ಟಬೇಕಾದಲ್ಲಿಗೆ ಮುಟ್ಟಿಬಿಟ್ಟಿತ್ತು.

ಗಂಡಸರು ಮರದ ಆಚೆ ಕುಳಿತಿದ್ದರು. ನಾನು ಸ್ಟೋವ್ ಹೊತ್ತಿಸಿ, ಅವ್ವನ ಹಿಟ್ಟನ್ನು ಅವ್ವನ ನೀರಿನಲ್ಲಿ ನಾದಿ, ಅವ್ವನ ಹಂಚಿನ ಮೇಲೆ ರೊಟ್ಟಿ ಬೇಯಿಸಿ, ತಾಟಿಗೆ ಹಾಕಿ ಅವಳ ಮುಂದಿಟ್ಟೆ. ಅವಳು ತುತ್ತು ಮುರಿದಳು. ಬೆಳಕಿಗೆ ಹಿಡಿದು ನೋಡಿದಳು. ಪಲ್ಯ ಹಚ್ಚಿ ಬಾಯಿಗಿಟ್ಟು ಅಗಿದಳು. ಅರ್ಧ ಆಯುಷ್ಯ ಒಲೆಯ ಮುಂದೆ ಕಳೆದ ನಾನು ಮುಂದಿನ ಉಂಡೆಗೆ ಕೈ ಹಚ್ಚದೆ ಅವಳ ಬಾಯನ್ನೇ ನೋಡುತ್ತಿದ್ದೆ.

"ದಪ್ಪ ಆಗ್ಯಾವ," ಎಂದಳು.

ನಾನು ಸ್ಟೋವಿನ ಉರಿ ತಗ್ಗಿಸಿದೆ.

"ಯಾವಾಗಲೂ ಹಿಂಗೇ ಮಾಡ್ತೀ ಏನು?"

"ಹೂಂ."

"ನಿಮ್ಮತ್ತಿ ಒಂದ ದಿನಾನೂ ಏನೂ ಅಂದಿಲ್ಲಾ?"

"ಇಲ್ಲವ್ವಾ."

ಅವ್ವ ಮತ್ತೊಂದು ತುತ್ತು ಅಗಿಯುತ್ತ, ಬಂದ ಹಾದಿಯ ಕಡೆಗೊಮ್ಮೆ ನೋಡಿದಳು. "ಭಾಳ ಸಮಾಧಾನದಾಕಿ ಬಿಡು," ಎಂದಳು. ಆಮೇಲೆ ಖಾಲಿಯಾದ ತಾಟನ್ನು ನನ್ನ ಕಡೆಗೆ ಸರಿಸಿದಳು.

"ಇನ್ನೊಂದು ಹಾಕು. ಜರಾ ತೆಳ್ಳಗ ಬಡಿ."

ನಾನು ತೆಳ್ಳಗೆ ಬಡಿದೆ.