ಸರ್ವರ್‌ಗೆ ಸೋಮವಾರದ ಬಿಡುವು

ಕಂಪನಿಯವರ ಪತ್ರ ಓದಿದಾಗ ನನಗೆ ಬಂದದ್ದು ಬರೀ ಸಿಟ್ಟು. ನಾಲ್ಕು ವರ್ಷ ನಮ್ಮ ಜಾಲತಾಣವನ್ನು ನೋಡಿಕೊಂಡವರು, ತಿಂಗಳೊಪ್ಪತ್ತಿನಲ್ಲಿ ಸೇವೆ ನಿಲ್ಲಿಸುತ್ತೇವೆ, ನಿಮ್ಮದೆಲ್ಲ ಇಳಿಸಿಕೊಳ್ಳಿ ಎಂದು ಎರಡೇ ಸಾಲು ಗೀಚಿದ್ದರು. ಕೊನೆಯ ದಿನ ಸೋಮವಾರ, ಸಂಜೆ ಆರು ಗಂಟೆ.

ಜಾಲತಾಣ ನನ್ನದು ಮತ್ತು ನನ್ನ ಗೆಳತಿಯದು. ಇಬ್ಬರೂ ಶಾಲೆಯಲ್ಲಿ ಕಲಿಸಿ ನಿವೃತ್ತರಾದವರು. ನಾನು ಅಫಜಲಪುರದಲ್ಲಿ, ಅವಳು ಆಳಂದದಲ್ಲಿ. ಹಿರಿಯರಿಗೆ ಗೊತ್ತಿರುವ ಕೈಕೆಲಸಗಳನ್ನು ಅವರ ಬಾಯಿಂದಲೇ ಹೇಳಿಸಿ, ವಿಡಿಯೊ ಮಾಡಿ ಹಾಕುವುದು ನಮ್ಮ ಹುಚ್ಚು. ಅಂದೋಲಾದ ಅಜ್ಜ ದನ ಕಟ್ಟುವ ಕಣ್ಣಿ ಹೊಸೆಯುತ್ತಾನೆ, ಜೇವರ್ಗಿಯ ಅಜ್ಜಿ ಶಾವಿಗೆ ಎಳೆಯುತ್ತಾಳೆ. ಕಟ್ಟಕಡೆಯದು ಗೆಳತಿಯ ತಾಯಿಯದು. ಅಮ್ಮಿ ಮುಖ ತೋರಿಸಲು ಒಪ್ಪಲಿಲ್ಲ. ಹಳೆಬಟ್ಟೆಯ ಕೌದಿ ಹೊಲಿಯುವ ಕೈ ಮತ್ತು ದನಿ, ಅಷ್ಟೇ. ಅದಾಗಿ ಎರಡು ತಿಂಗಳಿಗೆ ಅಮ್ಮಿ ತೀರಿಹೋದರು. ಅದನ್ನು ಚಿತ್ರೀಕರಿಸಿದ ಫೋನು ಸೊನ್ನ ಬ್ಯಾರೇಜಿನ ಮೇಲೆ ಸೆಲ್ಫಿ ತೆಗೆಯುವಾಗ ಗೆಳತಿಯ ಕೈಜಾರಿ ಭೀಮಾ ನದಿಯ ಪಾಲಾಯಿತು. ಹೀಗಾಗಿ ಆ ವಿಡಿಯೊ ಉಳಿದಿದ್ದು ಜಾಲತಾಣದಲ್ಲಿ ಮಾತ್ರ.

ಇನ್ನೊಬ್ಬರ ಹಂಗು ಬೇಡ, ಜಾಲತಾಣ ನಮ್ಮ ಮನೆಯಲ್ಲೇ ಇರಲಿ ಎಂದು ಹಟ ಹಿಡಿದವಳು ನಾನೇ. ಯಾರು ಎಲ್ಲಿಂದ ತೆರೆದರೂ ನಮ್ಮ ಪಡಸಾಲೆಯ ಕಂಪ್ಯೂಟರಿನಿಂದಲೇ ತೆರೆದುಕೊಳ್ಳಬೇಕು. ಹೇಗೆ ಮಾಡುವುದೆಂದು ನೂರೆಂಟು ವಿಡಿಯೊ ನೋಡಿ, ಹತ್ತು ಸಲ ಕೆಡಿಸಿ, ಹನ್ನೊಂದನೆಯ ಸಲ ಸರಿಮಾಡಿದೆ. ಮಂದಿ ಇನ್ನು ಇಲ್ಲಿಗೇ ಬರುತ್ತಾರೆ ಎಂದು ಅತ್ತೆಗೆ ವಿವರಿಸಿದರೆ ಅವರು ಹೊಸ್ತಿಲ ಕಡೆ ನೋಡಿ, "ಅಷ್ಟ್ ಮಂದಿ ಬಂದ್ರ ಚಪ್ಪಲಿ ಎಲ್ಲಿ ಬಿಡ್ತಾರ?" ಎಂದರು.

ನಂತರ ವಿಡಿಯೊಗಳನ್ನು ಒಂದೊಂದಾಗಿ ಇಳಿಸಿಕೊಳ್ಳುವ ಕೆಲಸ. ನಮ್ಮ ಊರಿನ ನೆಟ್ಟು ಆಮೆಯ ಮೊಮ್ಮಗ. "ಅಮ್ಮಿದು ಮೊದಲ ಇಳಿಸ್ಕೋ ಬೇ," ಎಂದು ಗೆಳತಿ ಫೋನಿನಲ್ಲಿ ಅಂದಳು. "ಸರದಿ ಪ್ರಕಾರ ಬರ್ತದ, ಸುಮ್ನಿರು," ಎಂದೆ. ಹಾಜರಿ ಪುಸ್ತಕದ ಕ್ರಮ ಬಿಟ್ಟರೆ ನನಗೆ ಬೇರೆ ಕ್ರಮವೇ ಗೊತ್ತಿಲ್ಲ. ಎಂಟು ದಿನ ಕಂಪ್ಯೂಟರು ಒಂದು ಕ್ಷಣವೂ ನಿಲ್ಲದೆ ಗುಂಯ್‌ಗುಟ್ಟಿತು. ಸೋಮವಾರ ಬೆಳಿಗ್ಗೆ ಉಳಿದದ್ದು ಅಮ್ಮಿಯ ವಿಡಿಯೊ ಒಂದೇ. ಅದೂ ಅರ್ಧ ಇಳಿದಿತ್ತು. ಗೆಳತಿಯನ್ನು ಕರೆತರಲು ನಾನು ಹಾಡು ಗುನುಗುತ್ತಲೇ ಬಸ್ ಸ್ಟ್ಯಾಂಡಿಗೆ ಹೋದೆ. ಅವಳ ಬಸ್ಸು ತಡವಾಯಿತು.

ಒಂದು ಗಂಟೆಗೆ ಇಬ್ಬರೂ ಒಳಗೆ ಬಂದರೆ ಪಡಸಾಲೆ ಮೌನವಾಗಿತ್ತು. ಕಂಪ್ಯೂಟರನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, ಮೂರು ಬೆರಳಿನ ವಿಭೂತಿ ಹಚ್ಚಿ, ತಲೆಯ ಮೇಲೊಂದು ದಾಸವಾಳ ಇಡಲಾಗಿತ್ತು. ಪ್ಲಗ್ ಕಿತ್ತು ನೆಲದ ಮೇಲೆ ಬಿದ್ದಿತ್ತು.

"ನಾನಽ ಬಂದ್ ಮಾಡೇನಿ," ಎಂದರು ಅತ್ತೆ. "ಇವತ್ತ ಸೋಮವಾರ ಅಲ್ಲೇನು? ಎತ್ತಿಗೇ ಸೋಮವಾರ ನೊಗ ಇಡಂಗಿಲ್ಲ ನಾವು. ಇದು ಎಂಟ್ ದಿನದಿಂದ ಹಗಲು ರಾತ್ರಿ ದುಡ್ಯಾಕತ್ತದ. ಮುಟ್ಟಿ ನೋಡಿದ್ರ ಜ್ವರ ಬಂದಂಗ ಸುಡಾಕತ್ತಿತ್ತು."

ನಾನು ಕೂಗಾಡಿದೆ. ಸೊಸೆಯಾಗಿ ಮೂವತ್ತೆರಡು ವರ್ಷದಲ್ಲಿ ಆಡದ ಮಾತುಗಳನ್ನು ಆಡಿದೆ. ಗೆಳತಿ ನನ್ನ ತೋಳು ಹಿಡಿದು ನಿಲ್ಲಿಸಿ, ಅತ್ತೆಯ ಪಕ್ಕದಲ್ಲಿ ಕುಳಿತಳು.

"ಅದರಾಗ ನಮ್ಮ ಅಮ್ಮಿ ದನಿ ಬರಾಕತ್ತಿತ್ತು ಆಯಿ. ಸಂಜಿ ಆರಕ್ಕ ಅವ್ರು ಬಾಗಿಲು ಹಾಕ್ತಾರ. ಆಮೇಲೆ ಎಲ್ಲೂ ಸಿಗಂಗಿಲ್ಲ."

ಅತ್ತೆಯ ಮುಖ ಬಾಡಿತು. ಹೊಲ ಎಷ್ಟೇ ಹದಕ್ಕೆ ಬಂದಿರಲಿ, ಸೋಮವಾರ ಕೊಟ್ಟಿಗೆಯ ಎತ್ತನ್ನು ಹೊರಗೆ ಹೊಡೆಯಲು ಮಾವನವರಿಗೂ ಬಿಡದಿದ್ದ ಹೆಂಗಸು. ಎದ್ದು ಬಂದು ಕಂಪ್ಯೂಟರಿನ ಮೇಲೆ ಅಂಗೈ ಇಟ್ಟರು. "ಇದೊಂದ್ ದಿನ ತಪ್ಪಾತೋ ಯಪ್ಪಾ. ತಾಯಿ ಕೆಲಸ ಅದ, ಮಾಡಿಬಿಡು. ನಾಳಿ ನಿನಗ ಬಿಡುವು ಕೊಡ್ತೇನಿ," ಎಂದು ಹೇಳಿ ನನ್ನ ಕಡೆ ತಿರುಗಿ, "ಹಚ್ಚು," ಎಂದರು. ನನಗೆ ನಾಚಿಕೆಯಾಯಿತು. ಸರದಿ ಸರದಿ ಎಂದು ಅಮ್ಮಿಯನ್ನು ಕೊನೆಗೆ ನಿಲ್ಲಿಸಿದವಳು ನಾನು, ಬೈಸಿಕೊಂಡವರು ಅವರು.

ಅರ್ಧ ಇಳಿದದ್ದು ಹೋಗಿತ್ತು. ಮತ್ತೆ ಮೊದಲಿನಿಂದ ಶುರು. ಅತ್ತೆ ರೊಟ್ಟಿ, ಪುಂಡಿಪಲ್ಲೆ ತಂದಿಟ್ಟರು. ಗೆಳತಿ ಮುಟ್ಟಲಿಲ್ಲ, ಪರದೆಯ ಮೇಲೆ ತೆವಳುವ ಹಸಿರು ಗೆರೆಯಿಂದ ಕಣ್ಣು ಕೀಳಲಿಲ್ಲ. ಅತ್ತೆ ಬೀಸಣಿಕೆ ತಂದು ಕಂಪ್ಯೂಟರಿಗೆ ಗಾಳಿ ಹಾಕುತ್ತ ಕುಳಿತರು. ಬೇಡ ಎನ್ನುವ ಧೈರ್ಯ ನನಗಿರಲಿಲ್ಲ. ಮೂರಾಯಿತು, ನಾಲ್ಕಾಯಿತು. ಐದಕ್ಕೆ ಗೆರೆ ಒಂದೇ ಕಡೆ ನಿಂತಾಗ ಅತ್ತೆಯ ಬೀಸಣಿಕೆ ಜೋರಾಯಿತು, ಆಮೇಲೆ ಗೆರೆ ಕದಲಿತು. ಆರಕ್ಕೆ ಹನ್ನೆರಡು ನಿಮಿಷ ಇರುವಾಗ ಪೂರ್ತಿ ಇಳಿಯಿತು.

ಕೂಡಲೇ ವಿಡಿಯೊ ಹಚ್ಚಿದೆ. ಬಣ್ಣಬಣ್ಣದ ತುಂಡುಬಟ್ಟೆಗಳ ಮೇಲೆ ಅಮ್ಮಿಯ ಕೈ ಕಾಣಿಸಿತು. ಸೂಜಿ ಒಂದು ಸಲ ಮುಳುಗಿ ಎದ್ದಿತು. ಆಮೇಲೆ ಕೈ ನಿಂತಿತು. ಚಿತ್ರ ತೆಗೆಯುತ್ತಿದ್ದ ಮಗಳಿಗೆ ಅಮ್ಮಿ ಗದರುವುದು ಕೇಳಿಸಿತು:

"ಅರೆ, ಆ ಫೋನ್ ಬಾಜೂಕ ಇಡ ಬೇಟಿ. ಮುಂಜಾನಿಂದ ಏನೂ ತಿಂದಿಲ್ಲ ನೀ. ಮೊದಲ ಊಟ ಮಾಡು."

ಗೆಳತಿ ಅಳುತ್ತ ನಕ್ಕಳು. ಆಮೇಲೆ ತಾಟನ್ನು ಹತ್ತಿರ ಎಳೆದುಕೊಂಡು ರೊಟ್ಟಿ ಮುರಿದಳು.