ಹನ್ನೊಂದನೆಯ ಗಂಟು

ಬೆಳಗಿನ ಹೊತ್ತು ಕರೆಯೋ ಅಮ್ಮನ ಸೆರಗಿನ ಅಂಚಿನಲ್ಲಿ ಹನ್ನೊಂದು ಗಂಟುಗಳಿರುತ್ತಿದ್ದವು. ಹತ್ತು ಒತ್ತೊತ್ತಾಗಿ, ಇನ್ನೊಂದು ಮಾತ್ರ ನಾಲ್ಕು ಬೆರಳು ದೂರದಲ್ಲಿ. ಆ ಹನ್ನೊಂದನೆಯ ಗಂಟು ನನ್ನದು.

ಹುಣಸೂರಿನ ಹೆಣ್ಣುಮಕ್ಕಳ ಮಿಡ್ಲ್ ಸ್ಕೂಲಿನಲ್ಲಿ ಅವರಿಗಿದ್ದುದು ಒಂದೇ ಕೆಲಸ. ಮನೆಮನೆಯ ಮುಂದೆ ನಿಂತು ಹುಡುಗಿಯರನ್ನು ಹೆಸರು ಹಿಡಿದು ಕೂಗಿ, ಸಾಲಾಗಿ ನಡೆಸಿಕೊಂಡು ಹೋಗಿ ಶಾಲೆಗೆ ಮುಟ್ಟಿಸುವುದು. ಊರಿಗೆಲ್ಲ ಅವರು ಕರೆಯೋ ಅಮ್ಮ. ಓದು ಬರಹ ಬಾರದು; ಹುಡುಗಿಗೊಂದು ಗಂಟೇ ಅವರ ಲೆಕ್ಕ. ಒಬ್ಬ ಹುಡುಗಿ ಹೊಸಿಲು ದಾಟಿ ಬೀದಿಗಿಳಿದರೆ ಒಂದು ಗಂಟು ಬಿಚ್ಚುತ್ತಿದ್ದರು. ಶಾಲೆಯ ಬಾಗಿಲು ತಲುಪಿದಾಗ ಗಂಟು ಉಳಿದಿದ್ದರೆ ಮಧ್ಯಾಹ್ನ ಮತ್ತೆ ಆ ಮನೆಯ ಮುಂದೆ ಹಾಜರು. "ಗಂಟು ಬಿಚ್ಚಿದ್ರೇನೇ ನಂಗೆ ಗಂಟ್ಲಲ್ಲಿ ಮುದ್ದೆ ಇಳಿಯಾದು" ಎನ್ನುತ್ತಿದ್ದರು.

ಆಗ ಹೈಸ್ಕೂಲಿಗೆ ಹೋಗುತ್ತಿದ್ದ ಹುಡುಗಿ ನಾನೊಬ್ಬಳೇ. ನನ್ನನ್ನು ಕರೆಯುವುದು ಅವರ ಕೆಲಸವಾಗಿರಲಿಲ್ಲ. ಆದರೂ ಕರೆಯುತ್ತಿದ್ದರು. ಸೇತುವೆಯ ಕಟ್ಟೆಯ ಮೇಲೆ ಕೂತ ಹುಡುಗರು ನನ್ನ ಎತ್ತರವನ್ನು ಆಡಿಕೊಳ್ಳುತ್ತಿದ್ದರು.

"ಅಮ್ಮೋ, ನಿನ್ ಕುರಿಮಂದೇಲಿ ಒಂಟೆ ಸೇರ್ಕಂಡದೆ!"

"ಒಂಟೆ ಪಾಸಾಯ್ತದೆ ಕಣ್ರಲಾ. ನೀವು ಇಲ್ಲೇ ಕುಂತು ಕುರಿ ಎಣಿಸ್ತಿರಿ."

ನನ್ನ ಹೈಸ್ಕೂಲಿನ ಕೊನೆಯ ವರ್ಷ ಅವರ ಹೆಡ್‌ಮಿಸ್ಟ್ರೆಸ್ ಒಂದು ಕಾಗದ ಓದಿ ಹೇಳಿದರಂತೆ. ಒಳ್ಳೆಯ ಅಂಕ ಪಡೆದ ಹುಡುಗಿಯರಿಗೆ ಮೈಸೂರಿನಲ್ಲಿ ಕಾಲೇಜು ಓದಲು ಸರ್ಕಾರ ಸ್ಕಾಲರ್‌ಶಿಪ್ ಕೊಡುತ್ತದೆ ಎಂದು. ಬಾಗಿಲಾಚೆ ನಿಂತು ಕೇಳಿಸಿಕೊಂಡ ಕರೆಯೋ ಅಮ್ಮ ಅರ್ಜಿಯೊಂದನ್ನು ಕೇಳಿ ಪಡೆದು, ಸೊಂಟಕ್ಕೆ ಸಿಕ್ಕಿಸಿಕೊಂಡು ತಂದರು.

"ಅದೇನೋ ಕಾಲರ್ಸಿಪ್ಪಂತೆ ಕಣ್ ಪುಟ್ತಾಯೀ. ಊಟ, ಓದು ಎಲ್ಲಾ ಅದ್ರಲ್ಲೇ ಆಯ್ತದಂತೆ. ತುಂಬು."

ತುಂಬಿದೆ. ಕೊನೆಯ ಸಾಲಿನಲ್ಲಿ ತಂದೆಯ ಸಹಿ ಬೇಕಿತ್ತು. ಕರೆಯೋ ಅಮ್ಮ ಬಂದು ಕೇಳಿದರೂ ಅಪ್ಪ ಹಾಕಲಿಲ್ಲ.

"ಒಲ ಗದ್ದೆ ಇರೋ ಮನೆ ಇದು. ಮಗ್ಳನ್ನ ಸರ್ಕಾರದ ಬಿಕ್ಸೆ ಅನ್ನಕ್ಕೆ ಬುಡು ಅಂತೀಯಾ?"

"ಅಂಗಾರೆ ನೀವೇ ಓದಿಸಿ ಗೌಡ್ರೇ."

"ಓದಿದ್ದು ಸಾಕು. ಮದ್ವೆ ಮಾಡ್ತೀನಿ."

ಮಾರನೆಯ ದಿನ ನಾನು ಬೀದಿಗಿಳಿದರೂ ಅವರು ನನ್ನ ಗಂಟು ಬಿಚ್ಚಲಿಲ್ಲ. ಏಕೆಂದು ಕೇಳಿದೆ. "ಇದು ಇಸ್ಕೂಲಿನ ಗಂಟಲ್ಲ ಬುಡು" ಎಂದರು. ಒಂದು ವಾರ ಅದು ಹಾಗೇ ಇತ್ತು.

ಅರ್ಜಿಯನ್ನು ಅಂಚೆಗೆ ಹಾಕಲೇಬೇಕಾದ ಕೊನೆಯ ದಿನ ಅವರು ಸೀದಾ ಒಳಗೆ ಬಂದು ಗೋಡೆಯ ಮುಂದೆ ನಿಂತರು. ಅಲ್ಲಿ ಬೆಳ್ಳಿಯ ಪದಕವೊಂದು ತೂಗುತ್ತಿತ್ತು.

"ಇದ್ಯಾರು ಕೊಟ್ಟಿದ್ದು ಗೌಡ್ರೇ?"

"ಅಮಲ್ದಾರ್ರು. ದನದ ಪರಿಸೇಲಿ ನಮ್ ಜೋಡೆತ್ತಿಗೆ. ಗೊತ್ತಿದ್ದೂ ಕೇಳ್ತೀಯಲ್ಲಮ್ಮ."

"ಓ, ಸರ್ಕಾರದ ಬಿಕ್ಸೆ."

"ಗೆದ್ದಿದ್ದು ಕಣಮ್ಮ ಅದು!"

"ಎತ್ತು ಗೆದ್ರೆ ಬೌಮಾನ, ಮಗ್ಳು ಗೆದ್ರೆ ಬಿಕ್ಸೆಯಾ?"

ಅಡುಗೆಮನೆಯಲ್ಲಿ ಅವ್ವ ನಕ್ಕದ್ದು ಕೇಳಿಸಿತು. ನಾನು ಮಸಿಕುಡಿಕೆ, ಲೇಖನಿ ತಂದು ಅಪ್ಪನ ಮುಂದಿಟ್ಟು, ಅವರು ಕೈಗೆತ್ತಿಕೊಳ್ಳುವವರೆಗೆ ಕದಲದೆ ನಿಂತೆ. "ಇವ್ಳೂ ನಿನ್ ತರವೇ ಆದ್ಲು" ಎಂದು ಕರೆಯೋ ಅಮ್ಮನತ್ತ ಗೊಣಗುತ್ತ ಅಪ್ಪ ಸಹಿ ಹಾಕಿದರು. ಮಸಿ ಆರುವ ಮೊದಲೇ ಕರೆಯೋ ಅಮ್ಮ ಗಂಟು ಬಿಚ್ಚಿಯಾಗಿತ್ತು.

ಸ್ಕಾಲರ್‌ಶಿಪ್ ಬಂತು. ಸರ್ಕಾರ ದಯೆ ತೋರಿ ಓದಿಸಿತು ಎಂದು ಯಾರಾದರೂ ಹೇಳಿದರೆ ನಾನು ಈಗಲೂ ತಿದ್ದುತ್ತೇನೆ. ಗೆದ್ದು ಓದಿದೆ.

ಬಿ.ಎ. ಮುಗಿಸಿ ಕರೆಯೋ ಅಮ್ಮ ಇದ್ದ ಶಾಲೆಗೇ ಉಪಾಧ್ಯಾಯಿನಿಯಾಗಿ ಬಂದೆ. ಎದುರಿಗೆ ಸಿಕ್ಕಾಗ "ಏನ್ ಮೇಡಮ್ಮೋರೇ" ಎಂದು ಛೇಡಿಸುತ್ತಿದ್ದರು. ಈ ವರ್ಷ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಹೈಸ್ಕೂಲಿನ ಕೊನೆಯ ತರಗತಿಯಲ್ಲಿದ್ದಳು. ಮದುವೆ ಗೊತ್ತಾಗುತ್ತಿದೆಯೆಂದು ಮನೆಯವರು ಅವಳನ್ನು ಶಾಲೆ ಬಿಡಿಸಿ ಮೂರು ವಾರವಾಗಿತ್ತು. ಅವಳು ತುಂಬಿಕೊಟ್ಟಿದ್ದ ಸ್ಕಾಲರ್‌ಶಿಪ್ ಅರ್ಜಿ, ತಂದೆಯ ಸಹಿಯೊಂದಿಲ್ಲದೆ, ನನ್ನ ಮೇಜಿನಲ್ಲಿತ್ತು. ಕರೆಯೋ ಅಮ್ಮ ದಿನಾ ಆ ಮನೆಯ ಮುಂದೆ ನಿಂತು ಬರುತ್ತಿದ್ದರು.

ಕಳೆದ ಶುಕ್ರವಾರ ಹುಡುಗಿಯರನ್ನು ಶಾಲೆಗೆ ಮುಟ್ಟಿಸಿ, ಜಗಲಿಯ ಕಂಬಕ್ಕೆ ಒರಗಿ ಕೂತವರು ಮತ್ತೆ ಏಳಲಿಲ್ಲ. ಅವರನ್ನು ಮಲಗಿಸುವಾಗ ಸೆರಗು ನೋಡಿದೆ. ಒತ್ತಾಗಿದ್ದ ಗಂಟುಗಳೆಲ್ಲ ಬಿಚ್ಚಿದ್ದವು. ನಾಲ್ಕು ಬೆರಳು ದೂರದ್ದೊಂದು ಉಳಿದಿತ್ತು. ಅದು ಯಾರದೆಂದು ನನಗೆ ಗೊತ್ತಿತ್ತು.

ಮರುದಿನ ಬೆಳಿಗ್ಗೆ ಅರ್ಜಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡೆ. ಸೆರಗಿಗೆ ಒಂದು ಗಂಟು ಹಾಕಿದೆ. ಬೀದಿಯಲ್ಲಿ ಎಂದೂ ದನಿ ಎತ್ತದ ನಾನು ಆ ಹುಡುಗಿಯ ಮನೆಯ ಮುಂದೆ ನಿಂತು ಅವಳ ಹೆಸರು ಹಿಡಿದು ಕೂಗಿದೆ. ಬಾಗಿಲು ತೆರೆಯಲಿಲ್ಲ. ಅಕ್ಕಪಕ್ಕದ ಮನೆಯವರೆಲ್ಲ ಹೊರಗೆ ಬಂದು ನೋಡಿದರು. ಮತ್ತೆ ಕೂಗಿದೆ.